ವೇಟ್ ಮಾಡಿ ಸಾರ್

ವಾಷಿಂಗ್ ಮಷಿನ್ ಕೆಟ್ಟು ನಾಲ್ಕು ದಿನವಾಗಿತ್ತು. ರಿಪೇರಿಯವನು ಬೆಳಗ್ಗೆ 10ರಿಂದ ಸಂಜೆ 6ರೊಳಗೆ ಬರುತ್ತೇನೆ ಎಂದಿದ್ದ. 11ಕ್ಕೆ ಫೋನ್ ಮಾಡಿದೆ. "ಸ್ವಲ್ಪ ವೇಟ್ ಮಾಡಿ ಸಾರ್." 1 ಗಂಟೆಗೆ ಮಾಡಿದೆ. "ಇಲ್ಲೇ ಹತ್ರ ಇದೀನಿ, ವೇಟ್ ಮಾಡಿ ಸಾರ್." ಮೂರನೇ ಸಲ ಫೋನೇ ಎತ್ತಲಿಲ್ಲ. ಮೆಸೇಜ್ ಬಂತು, ಕನ್ನಡ ಲಿಪಿಯಲ್ಲಿ, ಒಂದೂ ತಪ್ಪಿಲ್ಲದೆ: 'ವೇಟ್ ಮಾಡಿ.'

ಸಿಟ್ಟು ಬಂದಾಗ ಕೆಲವರು ಬೈಯುತ್ತಾರೆ. ನಾನು ನಿಘಂಟು ತೆಗೆಯುತ್ತೇನೆ. ಇದರಿಂದ ಬಿಪಿ ಇಳಿಯುತ್ತದೆ ಅಂತೇನೂ ಇಲ್ಲ.

ಆದರೆ ಈ ಸಲ ತೆಗೆದದ್ದು ಒಳ್ಳೆಯದೇ ಆಯಿತು. ಸುಮಾರು 800 ವರ್ಷದ ಹಿಂದೆ ವೇಟ್ ಎಂಬ ಪದ ಇಂಗ್ಲಿಷಿಗೆ ಬಂದಾಗ ಅದಕ್ಕೆ ಸುಮ್ನೆ ಕೂತಿರುವುದು ಎಂಬ ಅರ್ಥ ಇರಲಿಲ್ಲವಂತೆ. ಕೇಡು ಬಗೆಯುವ ಮನಸ್ಸಿನಿಂದ ಒಬ್ಬನ ಮೇಲೆ ಕಣ್ಣಿಡುವುದು, ಅಂದರೆ ಹೊಂಚು ಹಾಕುವುದು, ಅದೇ ವೇಟ್. ಮಧ್ಯಾಹ್ನ 3ರ ಹೊತ್ತಿಗೆ ಕಿಟಕಿ ಪರದೆ ಸರಿಸಿಕೊಂಡು ನಾನು ಮಾಡುತ್ತಿದ್ದುದೂ ಅದನ್ನೇ.

ಪದವನ್ನು ಇಂಗ್ಲೆಂಡಿಗೆ ತಂದದ್ದು ಉತ್ತರ ಫ್ರಾನ್ಸಿನ ಮಾತು. ಅಲ್ಲಿಗೆ ಅದು ಬಂದದ್ದು ಜರ್ಮನ್ ಕುಲದ ಫ್ರಾಂಕರಿಂದ. ಹಾಗಾಗಿ ವಾಚ್, ವೇಕ್ ಎರಡೂ ಇದರ ದಾಯಾದಿಗಳು. ಹಳಗನ್ನಡದ ಪಾಲ್ ನಮ್ಮ ಬಾಯಲ್ಲಿ ಹಾಲಾಯಿತಲ್ಲ, ಹಾಗೆ ಅಲ್ಲಿ ಉತ್ತರದವರ ವಕಾರ ಪ್ಯಾರಿಸ್ಸಿನವರ ಬಾಯಲ್ಲಿ ಗಕಾರ. ವಾರ್ಡನ್ ಮತ್ತು ಗಾರ್ಡಿಯನ್ ಹೀಗೇ ಒಂದೇ ಪದ. ವಾರಂಟಿ, ಗ್ಯಾರಂಟಿಯೂ ಅಷ್ಟೇ. ನನ್ನ ಮಷಿನ್‌ಗೆ ಎರಡೂ ಮುಗಿದಿವೆ.

ಹಾಲಿನ ಮಾತು ಬಂತು, ಹೇಳಿಬಿಡುತ್ತೇನೆ. ನಾನು ಚಿಕ್ಕವನಿದ್ದಾಗ ಅಮ್ಮ ಬತ್ತಿ ಸ್ಟೌ ಮೇಲೆ ಹಾಲಿಟ್ಟು, ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗುವಾಗ ಹೇಳುತ್ತಿದ್ದುದು ಒಂದೇ ಮಾತು: "ಹಾಲು ಕಾಯೋಕಿಟ್ಟಿದೀನಿ, ಕಾಯ್ತಾ ಇರು." ಯಾರು ಕಾಯಬೇಕು, ಹಾಲೋ ನಾನೋ? ಅಣ್ಣ ಇದನ್ನೇ ಹಿಡಿದು ತರ್ಕ ಮಾಡಿ ಜಾರಿಕೊಳ್ಳುತ್ತಿದ್ದ. "ಹಾಲು ತನ್ನ ಪಾಡಿಗೆ ಕಾಯ್ತಾ ಇದೆಯಲ್ಲಮ್ಮ, ನಾನ್ಯಾಕೆ?" ಕೊನೆಗೆ ಸಿಕ್ಕಿಹಾಕಿಕೊಳ್ಳುವವನು ನಾನು. ಪಾತ್ರೆಯಲ್ಲಿ ಹಾಲು ಕಾಯುತ್ತಿತ್ತು. ಅದನ್ನು ನಾನು ಕಾಯುತ್ತಿದ್ದೆ. ಜಗಲಿಯಲ್ಲಿ ಅಪ್ಪ ಕಾಫಿಗೆ ಕಾಯುತ್ತಿದ್ದರು. ಬಾಗಿಲ ಸಂದಿಯಲ್ಲಿ ಪಕ್ಕದ ಮನೆ ಬೆಕ್ಕು ನಾನು ಯಾವಾಗ ಏಳುತ್ತೇನೋ ಅಂತ ಕಾಯುತ್ತಿತ್ತು. ಆ 800 ವರ್ಷ ಹಳೆಯ ವೇಟ್ ಇದೆಯಲ್ಲ, ಅದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದುದು ಬೆಕ್ಕೊಂದೇ.

ಒಂದು ದಿನ ನಾನು ಬೆಕ್ಕನ್ನೇ ದುರುಗುಟ್ಟಿ ನೋಡುತ್ತಾ ಕೂತೆ. ಕೆನೆ ಉಬ್ಬಿದ್ದು ಗೊತ್ತಾಗಲಿಲ್ಲ. ಚೊಂಯ್ ಅಂತ ಸದ್ದಾದಾಗ ಅರ್ಧ ಹಾಲು ಸ್ಟೌ ಪಾಲಾಗಿತ್ತು. ಮಸಿಬಟ್ಟೆ ಹುಡುಕುವುದರೊಳಗೆ ಉಳಿದದ್ದೂ ಹೋಯಿತು. ಅಪ್ಪ ಅಲ್ಲಿಂದಲೇ, "ಹಾಲು ಉಕ್ಕಿದರೆ ಒಳ್ಳೇದು ಬಿಡೇ" ಎಂದರು. ಅಮ್ಮ ಒದ್ದೆ ಕೈಯಲ್ಲೇ ಓಡಿಬಂದು, "ಗೃಹಪ್ರವೇಶಕ್ಕೆ ಒಂದ್ಸಲ ಉಕ್ಕಿದರೆ ಸಾಕು, ದಿನಾ ಬೇಡ" ಎಂದರು. ಅವತ್ತು ಕಾಫಿಗೆ ಹಾಲನ್ನು ಬೆಕ್ಕಿನ ಮನೆಯಿಂದಲೇ ತರಬೇಕಾಯಿತು. ಲೋಟ ಹಿಡಿದು ಹೋದವನೂ ನಾನೇ.

ಬಿಸಿಯಾಗುವ ಕಾಯುವಿಕೆ, ಕಾವಲಿರುವ ಕಾಯುವಿಕೆ ಬೇರೆ ಬೇರೆ ಧಾತು ಅಂತ ಪಂಡಿತರು ಹೇಳುತ್ತಾರೆ. ತಮಿಳಿನಲ್ಲಿ ಇವತ್ತಿಗೂ ಒಂದು ಕಾಯ್, ಇನ್ನೊಂದು ಕಾ. ಇರಬಹುದು. ಆದರೆ ಐದು ಗಂಟೆ ರಿಪೇರಿಯವನಿಗೆ ಕಾದು ಕೂತವನ ತಲೆ ಮುಟ್ಟಿ ನೋಡಿ, ಆಮೇಲೆ ಹೇಳಿ.

ಇಂಗ್ಲೆಂಡಿನ ಊರುಗಳಲ್ಲಿ ಹಿಂದೆ ವೇಟ್ಸ್ ಅಂತಲೇ ಜನ ಇದ್ದರು. ರಾತ್ರಿ ಪಹರೆಯವರು. ಹೊತ್ತು ತಿಳಿಸಲು ವಾಲಗದಂಥ ವಾದ್ಯ ಊದುತ್ತಿದ್ದರಂತೆ. ಊದಿ ಊದಿ ಪಹರೆ ಮರೆತುಹೋಯಿತು, ಊದುವುದೇ ಉಳಿಯಿತು, ಪುರಸಭೆಯ ಸಂಬಳದ ಸಂಗೀತಗಾರರಾದರು. 1835ರ ಕಾನೂನು ಆ ಕೆಲಸವನ್ನೇ ತೆಗೆದುಹಾಕಿತು. ಹೆಸರು ಮಾತ್ರ ಕ್ರಿಸ್‌ಮಸ್ ಹೊತ್ತಿಗೆ ಮನೆಮನೆ ಮುಂದೆ ಹಾಡಿ ಕಾಸು ಕೇಳುವವರಿಗೆ ಅಂಟಿಕೊಂಡಿತು. ನಮ್ಮ ಬೀದಿಯ ಗೂರ್ಖಾ ಕೂಡ ಹೀಗೇ. ರಾತ್ರಿ 2ಕ್ಕೆ ಸೀಟಿ ಊದಿ ಎಬ್ಬಿಸುತ್ತಾನೆ, ಒಂದನೇ ತಾರೀಖು ಗೇಟಿನ ಮುಂದೆ ನಿಲ್ಲುತ್ತಾನೆ. ಕಳ್ಳನನ್ನು ಹಿಡಿದದ್ದು ಮಾತ್ರ ನಾನು ಕಂಡಿಲ್ಲ.

ವೇಟರ್ ಎಂದರೂ ಮೊದಲು ಕಾವಲಿನವನೇ. ಈಗ ಹೋಟೆಲಿನಲ್ಲಿ ವೇಟ್ ಮಾಡುವವರು ನಾವು, ಹೆಸರು ಅವರದು. ನಮ್ಮ 'ಮಾಣಿ'ಯೇ ವಾಸಿ. ಕರೆದರೆ ಬರುತ್ತಿದ್ದ.

ನನಗೆ ಜಾಸ್ತಿ ಉರಿಯುವುದು ಇದಲ್ಲ. 'ಸ್ವಲ್ಪ ಇರಿ' ಎನ್ನಬಹುದಿತ್ತು, 'ತಾಳಿ' ಎನ್ನಬಹುದಿತ್ತು. 'ಇರಿ' ಎಂದರೆ ಚಾಕು ಹಾಕು ಅಂತಲೂ ಆಗುತ್ತದೆ, ಒಪ್ಪಿದೆ. ಆ ಹೊತ್ತಿಗೆ ಅದೂ ಸರಿಯಾಗೇ ಇರುತ್ತಿತ್ತು. ಬೆಳಗಿನಿಂದ ಒಂದೇ ಒಂದು ಸಲವಾದರೂ 'ಕಾಯ್ತಾ ಇರಿ' ಎಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಐದೂ ಮುಕ್ಕಾಲಿಗೆ ಬಂದ. ಇಪ್ಪತ್ತೆರಡರ ಹುಡುಗ, ಬೆನ್ನೆಲ್ಲ ಬೆವರು. ಬೈಯಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲೋ ಹೋಯಿತು. ಮಷಿನ್‌ನ ಕೆಳಗಡೆ ಮುಚ್ಚಳ ತಿರುಗಿಸಿ, ಫಿಲ್ಟರಿನಿಂದ ಒಂದು ಐದು ರೂಪಾಯಿ ನಾಣ್ಯ, ಒಂದು ಹೇರ್‌ಪಿನ್ ತೆಗೆದು ನನ್ನ ಅಂಗೈಗಿಟ್ಟ. ಏಳು ನಿಮಿಷದ ಕೆಲಸ.

"ಕಾಫಿ ಕುಡ್ಕೊಂಡು ಹೋಗಪ್ಪ, ಹಾಲು ಕಾಯೋಕಿಟ್ಟಿದೀನಿ" ಎಂದೆ.

"ಬೇಡ ಸಾರ್," ಎಂದ, ಬ್ಯಾಗ್ ಹೆಗಲಿಗೇರಿಸುತ್ತಾ. "ಇನ್ನೂ ಎರಡು ಮನೆಯವರು ಬೆಳಗಿನಿಂದ ಕಾಯ್ತಾ ಇದಾರೆ."