ಚಾವಣಿ ಈ ತುದಿಗೆ, ಗಾಡಿ ಆ ತುದಿಗೆ

ಇಂದು ಬೆಳಗ್ಗೆ ನಮ್ಮ ಪುಟ್ಟ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಓಡಿದರು. ಎಪ್ಪತ್ತು ದಾಟಿರಬೇಕು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಬಿಚ್ಚಲು ಪುರುಸೊತ್ತು ಸಿಗದ ಕೊಡೆ. ಅಲ್ಲಿಯವರೆಗೂ ಅವರು ಚಾವಣಿಯ ಕೆಳಗಿನ ಬೆಂಚಿನ ಮೇಲೆ, ನಿಲ್ದಾಣದವರು ಎಲ್ಲಿ ಕೂರಿ ಎಂದಿದ್ದಾರೋ ಅಲ್ಲೇ, ನೆಟ್ಟಗೆ ಕುಳಿತಿದ್ದರು. ಗಾಡಿ ಅವರ ಮೂಗಿನ ಮುಂದೆಯೇ ಹಾದುಹೋಗಿ ಪ್ಲಾಟ್‌ಫಾರಂನ ಆ ತುದಿಯಲ್ಲಿ ನಿಂತಿತು. ಅಜ್ಜಿ ಮಳೆಯಲ್ಲಿ ಓಡಿದರು. ಕೊನೆಯ ಬಾಗಿಲಿಗೆ ಹತ್ತು ಹೆಜ್ಜೆ ಇರುವಾಗ ಬಾಗಿಲು ಮುಚ್ಚಿತು. ಗಾಜಿನ ಒಳಗೆ ನಿಂತು ಇದನ್ನೆಲ್ಲ ನೋಡುತ್ತಿದ್ದವನು ನಾನು.

14 ವರ್ಷಗಳಿಂದ ಇದೇ ಗಾಡಿ, ಇದೇ ಪ್ಲಾಟ್‌ಫಾರಂ. ಈ ನಿಲ್ದಾಣದ ಬಗ್ಗೆ ನಾನು ಗೊಣಗುವುದು ನಿಮಗೆ ಹೊಸದೇನಲ್ಲ, ಓದಿ ಓದಿ ಬೇಸತ್ತಿದ್ದೀರಿ ಎಂದೂ ಗೊತ್ತು. ಆದರೂ ಇಂದು ಬರೆಯದೆ ನಿದ್ದೆ ಬರುವುದಿಲ್ಲ.

ಸಮಸ್ಯೆ ಇಷ್ಟೇ. ಪ್ಲಾಟ್‌ಫಾರಂ ಕಟ್ಟಿದ್ದು ಹನ್ನೆರಡು ಬೋಗಿಗೆ, ಬರುವುದು ನಾಲ್ಕು ಬೋಗಿಯ ಗಾಡಿ. ಒಂದು ಬೋಗಿ ಇಪ್ಪತ್ತು ಮೀಟರಿಗೆ ಸ್ವಲ್ಪ ಹೆಚ್ಚು. ಅಂದರೆ ಇನ್ನೂರೈವತ್ತು ಮೀಟರ್ ಉದ್ದದ ಪ್ಲಾಟ್‌ಫಾರಂನಲ್ಲಿ ಎಂಬತ್ತು ಚಿಲ್ಲರೆ ಮೀಟರಿನ ಗಾಡಿ ಎಲ್ಲೋ ಒಂದು ಕಡೆ ನಿಲ್ಲಬೇಕು. ನಿಲ್ಲುವುದು ಮುಂದಿನ ತುದಿಯಲ್ಲಿ. ಒಳಬರುವ ದಾರಿ, ಚಾವಣಿ, ಬೆಂಚು, ದೀಪ ಎಲ್ಲವೂ ಹಿಂದಿನ ತುದಿಯಲ್ಲಿ. ಬೆಂಚಿನಿಂದ ಕೊನೆಯ ಬಾಗಿಲಿಗೆ ನಾನು ಹೆಜ್ಜೆ ಹಾಕಿ ಎಣಿಸಿದ್ದೇನೆ (ಹೌದು, ಅಷ್ಟು ಬಿಡುವಿದೆ ನನಗೆ): 150 ಹೆಜ್ಜೆ. ನೂರು ಮೀಟರಿಗೆ ಕಡಿಮೆಯಿಲ್ಲ. ಗಟ್ಟಿಮುಟ್ಟಾದವರು ಸಹಜವಾಗಿ ನಡೆದರೂ ಒಂದು ನಿಮಿಷದ ಮೇಲೆ ಬೇಕು. ಗಾಡಿ ನಿಲ್ಲುವುದು ಅರ್ಧ ನಿಮಿಷ. ಈ ಲೆಕ್ಕ ಯಾರೂ ಮಾಡಲಿಲ್ಲವೇ?

ಹೊಟ್ಟೆ ಉರಿಯುವುದು ಮುಂದಿನ ಸಂಗತಿಗೆ. ಆ ತುದಿಯಲ್ಲಿ, ಹಳಿಯ ಪಕ್ಕದ ಕಂಬದ ಮೇಲೆ, ಅಂಗೈ ಅಗಲದ ಫಲಕವೊಂದಿದೆ. ಅದರ ಮೇಲೆ ‘4’ ಎಂದು ಬರೆದಿದೆ. ನಾಲ್ಕು ಬೋಗಿಯ ಗಾಡಿಯ ಮೂತಿ ಇಲ್ಲಿ ನಿಲ್ಲಲಿ ಎಂದು ಚಾಲಕರಿಗೆ ಹೇಳುವ ಗುರುತು ಅದು. ಗಾಡಿ ಎಲ್ಲಿ ನಿಲ್ಲುತ್ತದೆ ಎಂಬುದು ನಿಲ್ದಾಣಕ್ಕೆ ಅಂಗುಲದ ಲೆಕ್ಕದಲ್ಲಿ ಗೊತ್ತು. ಚಾಲಕರಿಗೆ ಹೇಳಿದೆ, ಹತ್ತುವವರಿಗೆ ಹೇಳಿಲ್ಲ. ಬೆಂಚಿನ ಎದುರಿಗೋ, ಎರಡಾಳೆತ್ತರದ ಫಲಕದಲ್ಲಿ, ‘ಉಗುಳಬೇಡಿ’ ಎಂಬ ಉಪದೇಶ.

ಹೇಳುವುದು ಕಷ್ಟವೇ? ಮ್ಯೂನಿಕ್‌ನ ಉಪನಗರ ರೈಲುಗಳಲ್ಲಿ ಬರುವ ಗಾಡಿ ಗಿಡ್ಡದೋ, ಸಾಮಾನ್ಯವೋ, ಉದ್ದದ್ದೋ ಎಂದು ಪ್ಲಾಟ್‌ಫಾರಂನ ಪರದೆಯಲ್ಲೇ ತೋರಿಸುತ್ತಾರೆ. ಜಪಾನಿನಲ್ಲಿ ಬಾಗಿಲು ಬರುವ ಜಾಗವನ್ನು ನೆಲದ ಮೇಲೆಯೇ ಗುರುತು ಮಾಡಿರುತ್ತಾರೆ, ಜನ ಅಲ್ಲಿಯೇ ಸಾಲು ನಿಲ್ಲುತ್ತಾರೆ. ಪರದೆ ದುಬಾರಿ, ಒಪ್ಪಿದೆ. ಬಣ್ಣದ ಡಬ್ಬಿಯೂ ದುಬಾರಿಯೇ?

‘ಗಾಡಿಯನ್ನೇ ಚಾವಣಿಯ ಎದುರು ನಿಲ್ಲಿಸಿದರೆ ಮುಗಿಯಿತಲ್ಲ’ ಎಂದರೆ ತಿಳಿದವರು ತಿದ್ದುತ್ತಾರೆ: ಮುಂದಿನ ಸಿಗ್ನಲ್ ಚಾಲಕರಿಗೆ ಸರಿಯಾಗಿ ಕಾಣಬೇಕು, ಹಿಂದಿನ ಬೋಗಿ ಗೇಟಿನ ಮೇಲೆ ಉಳಿಯಬಾರದು, ಸುಮ್ಮನೆ ಮನಸ್ಸಿಗೆ ಬಂದಲ್ಲಿ ನಿಲ್ಲಿಸಲು ಅದು ಎತ್ತಿನ ಗಾಡಿಯಲ್ಲ. ಸರಿ ಸ್ವಾಮಿ. ಗಾಡಿ ಅಲ್ಲೇ ನಿಲ್ಲಲಿ. ಬೆಂಚನ್ನು ಎತ್ತಿ ಅಲ್ಲಿಡಲು ಯಾವ ಸಿಗ್ನಲ್ ಅಡ್ಡ ಬರುತ್ತದೆ? ಹತ್ತುವವರೇ ಕಡಿಮೆ ಎಂಬ ಇನ್ನೊಂದು ವಾದವಿದೆ. ನೂರು ಮೀಟರ್ ಓಡಿಸಿ, ಕಣ್ಣೆದುರೇ ಬಾಗಿಲು ಹಾಕಿದರೆ ಇನ್ನೇನು ಹೆಚ್ಚಾಗುತ್ತಾರೆಯೇ?

1844ರಲ್ಲಿ ಬ್ರಿಟನ್ನಿನಲ್ಲಿ ಒಂದು ರೈಲ್ವೆ ಕಾಯ್ದೆ ಬಂತು. ಮೂರನೆಯ ದರ್ಜೆಯವರಿಗಾಗಿ ದಿನಕ್ಕೆ ಒಂದಾದರೂ ಗಾಡಿ ಎಲ್ಲ ನಿಲ್ದಾಣಗಳಲ್ಲೂ ನಿಲ್ಲಬೇಕು, ಅದರಲ್ಲಿ ಆಸನವಿರಬೇಕು, ಮಳೆಗಾಳಿಯಿಂದ ರಕ್ಷಣೆ ಇರಬೇಕು ಎಂದಿತು. ಅದಕ್ಕೂ ಮೊದಲು ಬಡವರು ತೆರೆದ ಬೋಗಿಗಳಲ್ಲಿ ನೆನೆದುಕೊಂಡು ಹೋಗುತ್ತಿದ್ದರು. ಬೋಗಿಯೊಳಗೆ ಕೂತವನ ತಲೆ ನೆನೆಯಬಾರದೆಂದು ಅಂದೇ ಕಾನೂನು ಮಾಡಿದರು. ಹತ್ತಲು ಕಾದು ನಿಂತವನ ತಲೆಯ ಸರದಿ ಯಾವಾಗಲೋ!

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಹೇಳಲೇಬೇಕು, ನಾಚಿಕೆಯಾದರೂ. ನಾನು ಚಾವಣಿಯ ಕೆಳಗೆ ನಿಂತು ವರ್ಷಗಳೇ ಆದವು. ನಮ್ಮ ಏಳೆಂಟು ಜನ ಪಾಸಿನವರಿಗೆ ಜಾಗ ಗೊತ್ತು: ಗಾಜು ಒಡೆದ ದೀಪದ ಕಂಬದಿಂದ ಎರಡು ಹೆಜ್ಜೆ ಮುಂದೆ. ಬಾಗಿಲು ಸರಿಯಾಗಿ ಅಲ್ಲಿಗೇ ಬರುತ್ತದೆ. ಹೊಸಬರು ಬಂದು ಬೆಂಚಿನ ಮೇಲೆ ಕುಳಿತರೆ ನಾವು ಯಾರೂ ಬಾಯಿ ಬಿಡುವುದಿಲ್ಲ. ಅವರು ಓಡಿ ಬರುವಷ್ಟರಲ್ಲಿ ನಮಗೆ ಕಿಟಕಿಯ ಸೀಟು ಸಿಕ್ಕಿರುತ್ತದೆ. ಇಂದು ಬೆಳಗ್ಗೆ ಆ ಅಜ್ಜಿ ಬೆಂಚಿನ ಮೇಲೆ ಕುಳಿತಿದ್ದನ್ನು ನಾನು ಗಾಡಿ ಬರುವ ಐದು ನಿಮಿಷ ಮೊದಲೇ ನೋಡಿದ್ದೆ. ಅವರ ಪಕ್ಕದಿಂದಲೇ ನಡೆದು ಬಂದಿದ್ದೆ. ‘ಅಮ್ಮ, ಗಾಡಿ ಆಚೆ ನಿಲ್ಲುತ್ತದೆ, ಬನ್ನಿ’ ಎನ್ನಲು ಎಷ್ಟು ಹೊತ್ತು ಬೇಕಿತ್ತು?

ಸಂಜೆ ವಾಪಸು ಬಂದು ಇಳಿದಾಗ ಬೆಂಚು ಖಾಲಿಯಿತ್ತು. ಮುಂದಿನ ಗಾಡಿಗೆ ಒಬ್ಬ ಹುಡುಗ ಬಂದು, ಮೊಬೈಲ್ ತೆಗೆದು ಕುಳಿತ. ಪಾಪಪ್ರಜ್ಞೆ ಇನ್ನೂ ಬಿಸಿಯಿತ್ತಲ್ಲ, ಹತ್ತಿರ ಹೋಗಿ ಹೇಳಿದೆ: ‘ಗಾಡಿ ಇಲ್ಲಿ ನಿಲ್ಲುವುದಿಲ್ಲಪ್ಪ, ಮುಂದಕ್ಕೆ ಹೋಗಿ ನಿಂತುಕೋ.’

ಅವನು ಮೇಲೆ ಚಾವಣಿಯನ್ನು ನೋಡಿದ, ಕೆಳಗೆ ಬೆಂಚನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ‘ಪರವಾಗಿಲ್ಲ ಬಿಡಿ ಅಂಕಲ್’ ಎಂದ.

ಗಾಡಿ ಬಂತು. ಹುಡುಗ ಓಡಿದ. ಕಾಲು ಗಟ್ಟಿ ಇದ್ದದ್ದಕ್ಕೆ ಹತ್ತಿದ. ಬಾಗಿಲು ಮುಚ್ಚುವಾಗ ಏದುಸಿರು ಬಿಡುತ್ತ ನನ್ನತ್ತ ಬೀರಿದ ನೋಟ ನೋಡಬೇಕಿತ್ತು, ಚಾವಣಿಯನ್ನು ಅಲ್ಲಿ ಕಟ್ಟಿಸಿದವನು ನಾನೇ ಎಂಬಂತೆ.