ಉಪ್ಪಿನ ಡಬ್ಬಿಯೂ ನನ್ನ ಬಿಎಸ್ಸಿಯೂ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಉಪ್ಪಿಗೆ ಅಂತಲೇ ಒಂದು ಮರಿಗೆ ಇತ್ತು. ಅಜ್ಜಿ ಕಾಲದ್ದು, ಮರದ್ದು, ಕಪ್ಪಗೆ, ಸದಾ ಒದ್ದೆ ಒದ್ದೆ. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮೊದಲ ಸಂಬಳ ಬಂದಾಗ ಪಳಪಳ ಹೊಳೆಯುವ ಸ್ಟೀಲ್ ಡಬ್ಬಿ ತಂದು, ಮರಿಗೆಯನ್ನು ಅಟ್ಟಕ್ಕೆ ಹಾಕಿದೆ.

"ಉಪ್ಪನ್ನ ಸ್ಟೀಲಿಗೆ ಹಾಕಬಾರದು ಮಾರಾಯ" ಅಂದಳು ಅಮ್ಮ.

"ಸ್ಟೀಲಿಗೆ ತುಕ್ಕು ಹಿಡಿಯಲ್ಲಮ್ಮ, ನಾನು ಕೆಮಿಸ್ಟ್ರಿ ಓದಿದವನು."

ಓದಿದ್ದು ನಿಜ. ಸೋಡಿಯಂ ಚೂರು ನೀರಿಗೆ ಬಿದ್ದರೆ ಧಗ್ ಅನ್ನುತ್ತದೆ, ಕ್ಲೋರಿನ್ ಅಂದರೆ 1915ರಲ್ಲಿ ಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ, ಆದರೆ ಈ ಇಬ್ಬರು ಪುಂಡರಿಗೆ ಮದುವೆ ಮಾಡಿಸಿದರೆ ಸಾರಿಗೆ ಹಾಕುವಷ್ಟು ಸಾಧುವಾಗಿಬಿಡುತ್ತಾರೆ ಅಂತ ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು. ಕ್ಲೋರಿನ್ನಿನ ಪುಂಡಾಟ ಪೂರ್ತಿ ಬಿಟ್ಟಿರಲ್ಲ ಅನ್ನೋದು ಮಾತ್ರ ನೆನಪಿರಲಿಲ್ಲ.

ಮಳೆಗಾಲ ಬಂತು. ಅಂಗಡಿಯ ಕಲ್ಲುಪ್ಪಿನಲ್ಲಿ ಬರೀ ಉಪ್ಪಿರಲ್ಲ, ಜೊತೆಗೆ ಸ್ವಲ್ಪ ಮೆಗ್ನೀಸಿಯಂ ಕ್ಲೋರೈಡೂ ಇರುತ್ತದೆ. ಅದಕ್ಕೆ ನೀರಿನ ಆಸೆ ಜಾಸ್ತಿ. ಉಪ್ಪಾದರೂ ಗಾಳಿಯ ತೇವ ಶೇಕಡಾ 75 ದಾಟಿದರೆ ತಾನೇ ಕರಗಲು ಶುರು, ನಮ್ಮೂರ ಆಷಾಢದಲ್ಲಿ ಅದು ಯಾವತ್ತು ದಾಟಿರಲ್ಲ ಹೇಳಿ! ಕಾಲಿಗೆ ಹತ್ತಿದ ಉಂಬಳದ ಮೈಯಿಂದ ನೀರು ಎಳೆಯುವುದೂ ಇದೇ ಉಪ್ಪು, ಗಾಳಿಯಿಂದ ಎಳೆಯುವುದೂ ಇದೇ. ಡಬ್ಬಿಯ ತಳದಲ್ಲಿ ಉಪ್ಪುನೀರು ನಿಂತಿತು. ಸ್ಟೀಲನ್ನು ಕಾಯುವುದು ಕ್ರೋಮಿಯಂ ಆಕ್ಸೈಡಿನ ಒಂದು ತೆಳು ಪೊರೆ. ಉಪ್ಪಿನೊಳಗಿನ ಕ್ಲೋರೈಡು, ಅಂದರೆ ಮದುವೆಯಾದ ಮೇಲಿನ ಅದೇ ಕ್ಲೋರಿನ್, ಅದನ್ನು ಚುಕ್ಕಿ ಚುಕ್ಕಿಯಾಗಿ ಒಡೆದು ಒಳಗೆ ಕೊರೆಯುತ್ತದೆ. ಮೇಲಿಂದ ನೋಡಿದರೆ ಡಬ್ಬಿ ಪಳಪಳ.

ಎರಡನೇ ಮಳೆಗಾಲಕ್ಕೆ ತಳ ತೂತು. ಅದರ ಕೆಳಗಿನ ಹಲಗೆಯಲ್ಲಿದ್ದದ್ದು ಮುಚ್ಚಳ ಸರಿಯಾಗಿ ಕೂರದ ಸಕ್ಕರೆ ಡಬ್ಬಿ. ಸಕ್ಕರೆ ಒದ್ದೆಯಾಗಿದ್ದು ಕಂಡರೂ ಮಳೆಗಾಲ ಅಲ್ವಾ ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಅವತ್ತೇ ದೊಡ್ಡಪ್ಪ ಬಂದರು. ಅಮ್ಮ ತೋಟದಲ್ಲಿದ್ದಳು, ನಾನೇ ಕಾಫಿ ಮಾಡಿದೆ. ಮೊದಲ ಗುಟುಕಿಗೆ ಅವರ ಮುಖ ಸ್ವಲ್ಪ ಓರೆಯಾಯಿತು. ಮಾತಾಡಲಿಲ್ಲ. ಲೋಟ ಪೂರ್ತಿ ಖಾಲಿ ಮಾಡಿ, ಮೀಸೆ ಒರೆಸಿಕೊಂಡು, "ಗಡಿಯ ಜಗಳ ಇತ್ಯರ್ಥ ಮಾಡೋಣ ಅಂತ ಬಂದಿದ್ದೆ ಕಣೋ. ಈಗ ನಿಮ್ಮನೆ ಉಪ್ಪು ತಿಂದೆನಲ್ಲ, ಇನ್ನು ಎರಡು ಬಗೆಯೋ ಹಾಗಿಲ್ಲ" ಅಂದರು. ನನಗೆ ಅರ್ಥವಾಗಿದ್ದು ನನ್ನ ಲೋಟ ಬಾಯಿಗಿಟ್ಟ ಮೇಲೆ.

ಅಮ್ಮ ಬಂದವಳು ಏನೂ ಬೈಯಲಿಲ್ಲ. ಅಟ್ಟಕ್ಕೆ ಏಣಿ ಹಾಕು ಅಂದಳು, ಅಷ್ಟೇ. ಮರಿಗೆ ಮತ್ತೆ ಒಲೆಯ ಪಕ್ಕಕ್ಕೆ ಬಂದು ಕೂತಿತು. ಸ್ಟೀಲ್ ಡಬ್ಬಿಯನ್ನು ನಾಲ್ಕು ಸಲ ತೊಳೆದು, ಮಣ್ಣು ತುಂಬಿ, ದೊಡ್ಡಪತ್ರೆ ನೆಟ್ಟಿದ್ದಾಳೆ. ಮನೆಗೆ ಬಂದವರಿಗೆಲ್ಲ ತೋರಿಸಿ, "ತಳಕ್ಕೆ ತೂತು ಹೊಡೆಯೋ ಕೆಲಸವೂ ಉಳೀತು, ನನ್ನ ಮಗ ಕೆಮಿಸ್ಟ್ರಿ ಓದಿದವನು" ಅನ್ನುತ್ತಾಳೆ.