ಕೋಡ್ ಬಯಲಿಗೆ, ಮತ ಡಬ್ಬಿಯೊಳಗೆ

ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಮುಕ್ತ ತಂತ್ರಾಂಶದ, ಅಂದರೆ ಕೋಡನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶದ, ಬಳಗವೊಂದಿದೆ. ಅದರ ಸಮಿತಿಗೆ ಚುನಾವಣೆ ನಡೆದು ಐವರು ಗೆದ್ದರು. ಎಷ್ಟು ಮತಗಳಿಂದ ಗೆದ್ದರು ಎಂದು ಕೇಳಿದ್ದು ನನ್ನ ತಪ್ಪು. ‘ನಮ್ಮ ಮೇಲೆ ವಿಶ್ವಾಸವಿಲ್ಲವೇನು ಸರ್?’ ಎಂದರು ಗೆದ್ದವರು. ಜೊತೆಗೆ ಪೇಡೆ ಕೊಟ್ಟರು. ಧಾರವಾಡದ ಪೇಡೆ ಬಾಯಲ್ಲಿದ್ದಾಗ ಎರಡನೆಯ ಪ್ರಶ್ನೆ ಹೊರಡುವುದಿಲ್ಲ. ಸಮಿತಿಗೆ ಅದು ಚೆನ್ನಾಗಿ ಗೊತ್ತು.

ಎಣಿಕೆಯನ್ನು ಕಣ್ಣಾರೆ ಕಂಡೆ. ಮತದಾನ ಗೂಗಲ್ ಫಾರ್ಮಿನಲ್ಲಿ; ಫಾರ್ಮಿನ ಒಡೆಯರು ಸ್ವತಃ ಅಭ್ಯರ್ಥಿ. ಲ್ಯಾಪ್‌ಟಾಪನ್ನು ಗೋಡೆಯತ್ತ ತಿರುಗಿಸಿಕೊಂಡು, ಸಕ್ಕರೆ ಮೆತ್ತಿದ ಬೆರಳಿನಿಂದ ಪರದೆಯನ್ನು ಮೇಲೆ ಸರಿಸಿದರು, ಕೆಳಗೆ ಸರಿಸಿದರು, ಕೆಮ್ಮಿದರು, ತಮ್ಮ ಹೆಸರನ್ನೇ ಮೊದಲು ಓದಿದರು. ಇದೇ ಮಹನೀಯರು ಕೋಡಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಯಾರು, ಯಾವಾಗ, ಏಕೆ ಬದಲಿಸಿದರೆಂದು ಗಿಟ್ ಎಂಬ, ಕೋಡಿನ ಬದಲಾವಣೆಗಳ ಲೆಕ್ಕವಿಡುವ ತಂತ್ರಾಂಶದಲ್ಲಿ ದಾಖಲಿಸಿಡುತ್ತಾರೆ.

ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆಯಲ್ಲ, ಅಲ್ಲಿ ಬಟ್ಟೆಯ ನೂಲೆಳೆಗೂ ಲೆಕ್ಕವಿದೆ. ಬಣ್ಣ, ಅಳತೆ, ಹೊಲಿಗೆ, ಯಾವುದು ತಪ್ಪಿದರೂ ಧ್ವಜ ಹೊರಗೆ ಹೋಗುವುದಿಲ್ಲ. ನೂಲೆಣಿಸಿದ್ದಕ್ಕೆ ನೇಕಾರರು ಮುನಿಸಿಕೊಂಡಿದ್ದನ್ನು ನಾನಂತೂ ಕೇಳಿಲ್ಲ.

ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟುವವರು ಪಾಪ, ಅನುಮಾನದ ಜನ. ನಾಯಕನ ಚುನಾವಣೆಯಲ್ಲಿ ‘ಇವರಾರೂ ಬೇಡ’ ಎಂಬುದಕ್ಕೂ ಒಂದು ಜಾಗ ಕೊಡುತ್ತಾರೆ. ಮತ ಗುಟ್ಟು, ಆದರೆ ಮತದಾರನಿಗೆ ಒಂದು ಸಂಕೇತ ಸಿಗುತ್ತದೆ; ಪ್ರಕಟವಾದ ಪಟ್ಟಿಯಲ್ಲಿ ತನ್ನ ಮತವನ್ನು ಹುಡುಕಿಕೊಳ್ಳಬಹುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ನಡೆಸುವ ಐವರ ಸಮಿತಿಯಲ್ಲಿ ಒಂದೇ ಕಂಪನಿಯವರು ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ನಮ್ಮ ಐವರಲ್ಲಿ ನಾಲ್ವರು ಒಂದೇ ಚಿಗರಿ ಬಸ್ಸಿನಲ್ಲಿ ಒಂದೇ ಕಚೇರಿಗೆ ಹೋಗುತ್ತಾರೆ. ಸಭೆಯ ಬಾಡಿಗೆ ಉಳಿಯಿತು.

‘ಪುಕ್ಕಟೆ ದುಡಿಯುವವರನ್ನು ಲೆಕ್ಕ ಕೇಳಬಾರದು’ ಎಂಬುದು ಅವರ ಕೊನೆಯ ಅಸ್ತ್ರ. ನಮ್ಮ ಓಣಿಯ ಗಣಪತಿ ಮಂಡಳಿಯವರೂ ಪುಕ್ಕಟೆಯೇ ದುಡಿಯುತ್ತಾರೆ. ಎತ್ತಿದ ಪಟ್ಟಿಯ ಲೆಕ್ಕವನ್ನು ಪೆಂಡಾಲಿನ ಕಂಬಕ್ಕೆ ಅಂಟಿಸುತ್ತಾರೆ. ಸಾಕಾಗಿದೆ ನನಗೆ. ಕನ್ನಡದ ಒತ್ತಕ್ಷರ ಸರಿಯಾಗಿ ಮೂಡಲೆಂದು ರಾತ್ರಿ ಎರಡರವರೆಗೆ ಕುಳಿತ ಹುಡುಗಿಯೂ ಪುಕ್ಕಟೆಯೇ ದುಡಿದವಳು. ಅವಳು ಸೋತಳಂತೆ. ಅವಳಿಗೆ ಬಿದ್ದ ಮತ ಮೂರೋ ಮೂವತ್ತೋ, ಹೇಳಲು ಯಾವ ರೋಗ?

ಮೊನ್ನೆ ಮತ್ತೆ ಕೇಳಿದೆ. ಫಾರ್ಮ್ ಅಳಿಸಿಹೋಗಿದೆಯಂತೆ. ಪೇಡೆಯ ಬಿಲ್ ಮಾತ್ರ ಜೋಪಾನವಾಗಿದೆ. ತಲೆಗೆಷ್ಟು ಬಂತೆಂದು ಪೈಸೆಸಮೇತ ಭಾಗಿಸಿ ಎಲ್ಲರಿಗೂ ಕಳಿಸಿದ್ದಾರೆ.